ಮಂಜಿನ ಗುಡ್ಡದ ಇಳಿಜಾರು

‘ಮಂಜು’ ಎಂಬ ಕನ್ನಡದ ಮಾತು ನೀರಿನ ಎರಡು ಬೇರೆ ಬೇರೆ ಅವಸ್ಥೆಗಳಿಗೆ ಸಲ್ಲುತ್ತದೆ. ಹಿಮಾಲಯದಲ್ಲಿ ಮೊಣಕಾಲು ಮುಳುಗುವಷ್ಟು ಬೀಳುವುದೂ ಮಂಜು; ಸಕಲೇಶಪುರದ ಕಾಫಿ ತೋಟಗಳನ್ನು ಬೆಳಗಿನ ಒಂಬತ್ತು ಗಂಟೆಯವರೆಗೆ ಮುಚ್ಚಿಟ್ಟುಕೊಳ್ಳುವುದೂ ಮಂಜು. ಮೊದಲನೆಯದು ಹರಳುಗಟ್ಟಿದ ನೀರು. ಎರಡನೆಯದು ಗಾಳಿಯಲ್ಲಿ ತೇಲುವ ದ್ರವದ ಹನಿ; ಒಂದೊಂದರ ಅಡ್ಡಳತೆ ಮಿಲಿಮೀಟರಿನ ನೂರನೇ ಒಂದು ಭಾಗದ ಆಸುಪಾಸು. ಹಾಸನ ಜಿಲ್ಲೆಯ ಸಕಲೇಶಪುರ, ಆಲೂರು ಸೀಮೆಯ ಗುಡ್ಡಗಳಲ್ಲಿ ಒಂಟಿಯಾಗಿ ಒಂದು ರಾತ್ರಿ ಕಳೆದು ಬೆಳಿಗ್ಗೆ ಇಳಿಯುವವರಿಗೆ ಎದುರಾಗುವುದು ಎರಡನೆಯ ಬಗೆಯದು. ಹಿಮದ ಬೆಟ್ಟ ಇಳಿಯುವವರ ಪಾಠಗಳಲ್ಲಿ ಕೆಲವು ಇಲ್ಲಿಗೂ ಒಪ್ಪುತ್ತವೆ, ಕೆಲವು ತಿರುಗುಮುರುಗಾಗುತ್ತವೆ.

ಈ ಸೀಮೆಗೆ ಮಂಜಿನ ನಂಟು ಹಳೆಯದು. ಸಕಲೇಶಪುರ ಪಟ್ಟಣದ ಹೊರಗೆ, ಸಮುದ್ರಮಟ್ಟದಿಂದ ಸುಮಾರು 988 ಮೀಟರ್ ಎತ್ತರದಲ್ಲಿ, ಟಿಪ್ಪು ಸುಲ್ತಾನ್ ಎಂಟು ಮೂಲೆಯ ನಕ್ಷತ್ರದ ಆಕಾರದಲ್ಲಿ ಕಟ್ಟಿಸಿದ ಕೋಟೆ 1792ರಲ್ಲಿ ಮುಗಿಯಿತು. ಕೋಟೆ ನೋಡಲು ಬಂದ ಸುಲ್ತಾನನಿಗೆ ಮಂಜು ಬಿಟ್ಟು ಬೇರೇನೂ ಕಾಣಲಿಲ್ಲ, ಹಾಗಾಗಿ ಅದು ಮಂಜರಾಬಾದ್ ಆಯಿತು ಎಂಬುದು ಊರಿನವರ ಕಥೆ. ಕಥೆ ನಿಜವೋ ಅಲ್ಲವೋ, ಡಿಸೆಂಬರಿನ ಬೆಳಿಗ್ಗೆ ಅಲ್ಲಿಗೆ ಹೋದವರು ಅದನ್ನು ನಂಬದೆ ಇರುವುದು ಕಷ್ಟ.

ಇಲ್ಲಿ ಹಿಮ ಯಾಕೆ ಬೀಳುವುದಿಲ್ಲ ಎಂಬ ಪ್ರಶ್ನೆಗೆ ಉತ್ತರ ಎತ್ತರದ ಲೆಕ್ಕದಲ್ಲಿದೆ. ಮೇಲಕ್ಕೆ ಹೋದಂತೆ ಗಾಳಿ ಸರಾಸರಿ ಪ್ರತಿ ಕಿಲೋಮೀಟರಿಗೆ ಆರೂವರೆ ಡಿಗ್ರಿ ಸೆಲ್ಸಿಯಸ್‌ನಷ್ಟು ತಣ್ಣಗಾಗುತ್ತದೆ. ಈ ಅಕ್ಷಾಂಶದಲ್ಲಿ, ಅಂದರೆ ಸಮಭಾಜಕದಿಂದ ಸುಮಾರು 13 ಡಿಗ್ರಿ ಉತ್ತರಕ್ಕೆ, ಗಾಳಿಯ ತಾಪ ಸೊನ್ನೆ ಮುಟ್ಟಬೇಕಾದರೆ ಸುಮಾರು ಐದು ಕಿಲೋಮೀಟರ್ ಮೇಲೇರಬೇಕು. ಸಕಲೇಶಪುರ ಸೀಮೆಯ ಹೆಸರುವಾಸಿ ಶಿಖರವಾದ ಜೇನುಕಲ್ಲು ಗುಡ್ಡದ ಎತ್ತರ 1,390 ಮೀಟರ್‌ನಷ್ಟು; ಬಿಸಿಲೆ ಘಾಟಿಯಿಂದ ಎದುರಿಗೆ ಕಾಣುವ ಕುಮಾರಪರ್ವತ 1,712 ಮೀಟರ್; ಪಶ್ಚಿಮ ಘಟ್ಟದಲ್ಲೇ ಅತಿ ಎತ್ತರದ ಆನೈಮುಡಿ 2,695 ಮೀಟರ್. ಯಾವುದೂ ಆ ಗಡಿಯ ಹತ್ತಿರಕ್ಕೂ ಹೋಗುವುದಿಲ್ಲ. ಊಟಿಯಲ್ಲಿ ಜನವರಿಯ ಕೆಲವು ಬೆಳಿಗ್ಗೆ ಹುಲ್ಲು ಬೆಳ್ಳಗಾಗುವುದುಂಟು. ಅದು ಆಕಾಶದಿಂದ ಬಿದ್ದ ಹಿಮವಲ್ಲ. ರಾತ್ರಿ ಶಾಖ ಕಳೆದುಕೊಂಡ ನೆಲದ ಮೇಲೆಯೇ ತೇವಾಂಶ ಹೆಪ್ಪುಗಟ್ಟಿದ್ದು.

ನಿಜವಾದ ಹಿಮದಲ್ಲಿ ಇಳಿಯುವುದರ ಬೆಲೆ ಕರ್ನಾಟಕಕ್ಕೆ ಗೊತ್ತಿಲ್ಲದ್ದಲ್ಲ. 2024ರ ಜೂನ್ ಮೊದಲ ವಾರ ಉತ್ತರಾಖಂಡದ ಸಹಸ್ರತಾಲ್ ಸರೋವರಕ್ಕೆ ಹೋಗಿ ಹಿಂದಿರುಗುತ್ತಿದ್ದ 22 ಜನರ ತಂಡ ಹಿಮಗಾಳಿಗೆ ಸಿಕ್ಕಿ ಒಂಬತ್ತು ಮಂದಿ ಸತ್ತರು. ತಂಡದಲ್ಲಿ ಹೆಚ್ಚಿನವರು ಕರ್ನಾಟಕದವರು. ಗುರಿ ಮುಟ್ಟಿ ಆಗಿತ್ತು. ಬಿರುಗಾಳಿ ಹಿಡಿದದ್ದು ಮರಳುವ ದಾರಿಯಲ್ಲಿ. ಆಸ್ಟ್ರಿಯಾದ ಆಲ್ಪ್ಸ್‌ನಲ್ಲಿ ಚಾರಣಿಗರು ಬಿದ್ದ ಪ್ರಕರಣಗಳ ದಾಖಲೆ ನೋಡಿದವರಿಗೂ ಇಂಥದೇ ಸಂಗತಿ ಕಂಡಿದೆ: ಸುಮಾರು ಮುಕ್ಕಾಲು ಪಾಲು ಜನ ಬಿದ್ದದ್ದು ಇಳಿಯುವಾಗ. ಹತ್ತುವುದೇ ಕಷ್ಟ, ಇಳಿಯುವುದು ಸಲೀಸು ಎಂಬ ಲೋಕರೂಢಿಯ ನಂಬಿಕೆಗೆ ಅರ್ಧ ಆಧಾರವಿದೆ. ಎದೆಬಡಿತದ ಮಟ್ಟಿಗೆ ಅದು ಸರಿ, ತೊಡೆಯ ಮಟ್ಟಿಗೆ ತಪ್ಪು.

ಇಳಿಯುವ ಮಾತಿಗೆ ಮೊದಲು ರಾತ್ರಿಯ ಮಾತು ಬರಬೇಕು, ಏಕೆಂದರೆ ಬೆಳಗಿನ ಮಂಜು ತಯಾರಾಗುವುದು ರಾತ್ರಿ. ನವೆಂಬರಿನಿಂದ ಫೆಬ್ರವರಿವರೆಗೆ ಮೋಡವಿಲ್ಲದ ಇರುಳಿನಲ್ಲಿ ನೆಲ ತನ್ನ ಶಾಖವನ್ನು ಅವಕೆಂಪು ಕಿರಣಗಳಾಗಿ ಆಕಾಶಕ್ಕೆ ಬಿಟ್ಟುಕೊಡುತ್ತದೆ. ನೆಲಕ್ಕೆ ತಾಗಿದ ಗಾಳಿ ತಣ್ಣಗಾಗಿ ಭಾರವಾಗುತ್ತದೆ, ಭಾರವಾದದ್ದು ಇಳಿಜಾರು ಹಿಡಿದು ಜಾರುತ್ತದೆ. ನೀರು ಹಳ್ಳಕ್ಕೆ ಹರಿಯುವಂತೆ ಈ ತಣ್ಣನೆಯ ಗಾಳಿಯೂ ಗದ್ದೆಬಯಲು, ಹೊಳೆಯ ಕಣಿವೆಗಳಿಗೆ ಹರಿದು ಅಲ್ಲಿ ನಿಲ್ಲುತ್ತದೆ. ಹೀಗಾಗಿ ನಡುರಾತ್ರಿ ದಾಟಿದ ಮೇಲೆ ಗುಡ್ಡದ ಹೆಗಲಿಗಿಂತ ಹೇಮಾವತಿ ಹೊಳೆಯ ದಂಡೆಯಲ್ಲೇ ಚಳಿ ಹೆಚ್ಚು. ಮೇಲೆ ಬೆಚ್ಚಗೆ, ಕೆಳಗೆ ತಣ್ಣಗೆ ಇರುವ ಈ ಸ್ಥಿತಿಗೆ ಉಷ್ಣತಾ ವಿಲೋಮ ಎಂದು ಹೆಸರು. ಕಣಿವೆಯ ಗಾಳಿಯಲ್ಲಿ ಹೊಳೆಯ, ಗದ್ದೆಯ ತೇವ ಬೆರೆತಿರುತ್ತದೆ. ತಾಪ ಒಂದು ಮಟ್ಟಕ್ಕಿಂತ ಇಳಿದಾಗ ಆ ತೇವದಲ್ಲಿ ಹೆಚ್ಚಾದದ್ದು ಹನಿಗಟ್ಟುತ್ತದೆ. ಗುಡ್ಡದ ಮೇಲೆ ಮಲಗಿದವರಿಗೆ ನೆತ್ತಿಯ ಮೇಲೆ ನಕ್ಷತ್ರ, ಕಾಲ ಬುಡದಲ್ಲಿ ಬಿಳಿಯ ಸಮುದ್ರ.

ಡೇರೆಯೊಳಗೂ ಇದೇ ಕೆಲಸ ಚಿಕ್ಕ ಪ್ರಮಾಣದಲ್ಲಿ ನಡೆಯುತ್ತದೆ. ಮಲಗಿದ ಮನುಷ್ಯನ ಉಸಿರು, ಚರ್ಮಗಳಿಂದ ಒಂದು ರಾತ್ರಿಗೆ ಸುಮಾರು ಕಾಲು ಲೀಟರಿನಷ್ಟು ನೀರು ಆವಿಯಾಗಿ ಹೊರಬೀಳುತ್ತದೆ. ಡೇರೆಯ ಬಟ್ಟೆ ಆಕಾಶಕ್ಕೆ ಶಾಖ ಬಿಟ್ಟು ಸುತ್ತಲಿನ ಗಾಳಿಗಿಂತಲೂ ತಣ್ಣಗಾಗಿರುವುದರಿಂದ ಆ ಆವಿ ಒಳಮೈಗೆ ಹನಿಯಾಗಿ ಅಂಟುತ್ತದೆ. ಬೆಳಿಗ್ಗೆ ಡೇರೆ ಸೋರಿತೆಂದು ದೂರುವವರಲ್ಲಿ ಹೆಚ್ಚಿನವರು ನೆನೆದಿರುವುದು ತಮ್ಮದೇ ಉಸಿರಿನಲ್ಲಿ. ಗಾಳಿಗಿಂಡಿ ತೆರೆದಿಟ್ಟರೆ ಅರ್ಧ ತೊಂದರೆ ತಪ್ಪುತ್ತದೆ. ಒದ್ದೆ ಡೇರೆಯನ್ನು ಹಾಗೆಯೇ ಮಡಚಿ ತುಂಬಿದರೆ ಹಿಂದಿನ ದಿನಕ್ಕಿಂತ ಭಾರವಾದ ಚೀಲವನ್ನು, ಹಿಂದಿನ ದಿನಕ್ಕಿಂತ ದಣಿದ ಕಾಲುಗಳ ಮೇಲೆ ಹೊತ್ತು ಇಳಿಯಬೇಕಾಗುತ್ತದೆ. ಅಂದಹಾಗೆ, ಈ ಸೀಮೆಯ ಮೀಸಲು ಅರಣ್ಯಗಳಲ್ಲಿ ಅನುಮತಿಯಿಲ್ಲದೆ ರಾತ್ರಿ ತಂಗುವಂತಿಲ್ಲ. ಒಂಟಿ ಬಿಡಾರಗಳು ಹೆಚ್ಚಾಗಿ ತೋಟದವರ ಒಪ್ಪಿಗೆ ಪಡೆದು ಖಾಸಗಿ ಜಾಗದಲ್ಲಿ ನಡೆಯುತ್ತವೆ. ಜನವರಿ ಕಳೆದ ಮೇಲೆ ಗುಡ್ಡದ ಕರಡ ಒಣಗಿ ನಿಂತಿರುವಾಗ ಬೆಂಕಿ ಹಾಕುವುದಂತೂ ಊರಿಗೇ ಕೊಳ್ಳಿಯಿಟ್ಟಂತೆ.

ಮಳೆಗಾಲದ ಮಂಜು ಬೇರೆ ಜಾತಿಯದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅರಬ್ಬಿ ಸಮುದ್ರದ ತೇವದ ಗಾಳಿ ಘಟ್ಟದ ಗೋಡೆಗೆ ಬಡಿದು ಮೇಲೇಳುತ್ತದೆ, ಮೇಲೆದ್ದಂತೆ ಹಿಗ್ಗುತ್ತದೆ, ಹಿಗ್ಗಿದ್ದರಿಂದ ತಣ್ಣಗಾಗಿ ಮೋಡವಾಗುತ್ತದೆ. ಆ ಮೋಡದ ತಳ ಗುಡ್ಡದ ತಲೆಗಿಂತ ಕೆಳಗಿರುತ್ತದೆ, ಅಷ್ಟೆ. ಊರಿನಲ್ಲಿ ನಿಂತವರು ಅದನ್ನು ಮೋಡ ಎನ್ನುತ್ತಾರೆ, ಗುಡ್ಡದಲ್ಲಿ ನಿಂತವರು ಮಂಜು ಎನ್ನುತ್ತಾರೆ.

ಇಳಿಯುವವರಿಗೆ ಈ ಎರಡು ಜಾತಿಗಳ ವ್ಯತ್ಯಾಸ ಬರಿಯ ಪಾಂಡಿತ್ಯವಲ್ಲ. ಮಳೆಗಾಲದಲ್ಲಿ ಇಳಿದಂತೆಲ್ಲ ದಾರಿ ತಿಳಿಯಾಗುತ್ತದೆ: ಶಿಖರದಲ್ಲಿ ಹತ್ತು ಹೆಜ್ಜೆ ಮುಂದಿನದು ಕಾಣದಿದ್ದರೂ ಇನ್ನೂರು ಮೀಟರ್ ಕೆಳಗೆ ಮೋಡದ ತಳ ದಾಟಿದರೆ ಗದ್ದೆ, ಮನೆ, ರಸ್ತೆ ಎಲ್ಲ ಕಾಣಬಹುದು. ಚಳಿಗಾಲದಲ್ಲಿ ಇದಕ್ಕೆ ತದ್ವಿರುದ್ಧ. ಶಿಖರದ ಮೇಲೆ ಹೊಳೆಯುವ ಬಿಸಿಲು. ಇಳಿದಂತೆಲ್ಲ ಮಂಜಿನೊಳಕ್ಕೆ ಮುಳುಗುವುದು. ದಾರಿ ಗುರುತಿಸುವ ಕೆಲಸವನ್ನು ಚಳಿಗಾಲದಲ್ಲಿ ಮೇಲಿನಿಂದಲೇ, ಹೊರಡುವ ಮೊದಲೇ ಮುಗಿಸಬೇಕು. ಇಲ್ಲವೇ ಕಾಯಬೇಕು. ಚಳಿಗಾಲದ ಮಂಜಿಗೆ ಆಯುಸ್ಸು ಕಡಿಮೆ. ಒಂದು ಘನಮೀಟರ್ ಮಂಜಿನಲ್ಲಿರುವ ನೀರು ಸಾಮಾನ್ಯವಾಗಿ ಅರ್ಧ ಗ್ರಾಂಗಿಂತಲೂ ಕಡಿಮೆ. ಬಿಸಿಲೇರಿ ನೆಲ ಕಾಯಲು ಶುರುವಾದರೆ ಅದು ಬುಡದಿಂದಲೂ ಅಂಚಿನಿಂದಲೂ ಕರಗುತ್ತಾ ಬರುತ್ತದೆ. ಎರಡು ಗಂಟೆ ಕುಳಿತು ಕಾಫಿ ಕಾಯಿಸಿಕೊಳ್ಳುವವರು ಸೋಮಾರಿಗಳಲ್ಲ. ಕಾಯುವವರಿಗೆ ಕೆಲವೊಮ್ಮೆ ಬಹುಮಾನವೂ ಉಂಟು. ಬೆನ್ನ ಹಿಂದೆ ಎಳೆಬಿಸಿಲು, ಎದುರಿಗೆ ಕೆಳಗಡೆ ಮಂಜು ಇದ್ದರೆ, ತಮ್ಮದೇ ನೆರಳು ಮಂಜಿನ ಮೇಲೆ ದೈತ್ಯಾಕಾರವಾಗಿ ಬಿದ್ದು ಅದರ ತಲೆಯ ಸುತ್ತ ಬಣ್ಣದ ಉಂಗುರಗಳು ಕಾಣುತ್ತವೆ. ಹನಿಗಳು ಬೆಳಕನ್ನು ಬಂದ ದಿಕ್ಕಿಗೇ ಹಿಂದಿರುಗಿಸುವಾಗ ಆಗುವ ಚಮತ್ಕಾರ ಅದು. ಜರ್ಮನಿಯ ಬ್ರೋಕನ್ ಶಿಖರದ ಹೆಸರಿನಿಂದ ಅದನ್ನು ಬ್ರೋಕನ್ ಭೂತ ಎನ್ನುತ್ತಾರೆ.

ಮಂಜಿನೊಳಗೆ ಕಣ್ಣು ಕೊಡುವ ಸುಳಿವುಗಳು ಕೆಡುತ್ತವೆ. ಮಸುಕಾಗಿ ಕಂಡದ್ದನ್ನು ಮಿದುಳು ದೂರದ್ದೆಂದು ಎಣಿಸುತ್ತದೆ. ಇಪ್ಪತ್ತು ಮಾರು ದೂರದ ಸಿಲ್ವರ್ ಓಕ್ ಮರ ಇನ್ನೆಲ್ಲೋ ಇರುವಂತೆ ತೋರಿ, ಎರಡು ಹೆಜ್ಜೆಯಲ್ಲಿ ಎದುರಿಗೆ ಬಂದು ನಿಲ್ಲುತ್ತದೆ. ಹಣೆಗೆ ಕಟ್ಟಿದ ಟಾರ್ಚು ಇಲ್ಲಿ ವೈರಿ: ಅದರ ಬೆಳಕು ಹನಿಗಳಿಂದ ಚದುರಿ ನೇರ ಕಣ್ಣಿಗೇ ವಾಪಸು ಬರುವುದರಿಂದ ಮುಂದೆ ಬಿಳಿಯ ಗೋಡೆ ಎದ್ದಂತಾಗುತ್ತದೆ. ಟಾರ್ಚನ್ನು ಸೊಂಟದ ಮಟ್ಟದಲ್ಲಿ ಹಿಡಿದರೆ ಬೆಳಕಿನ ದಾರಿಯೂ ನೋಟದ ದಾರಿಯೂ ಬೇರೆಯಾಗಿ ನೆಲ ಕಾಣುತ್ತದೆ. ಕಾರಿನ ಮಂಜುದೀಪಗಳನ್ನು ಬಂಪರಿನ ಕೆಳಗೆ ಕೂರಿಸುವುದೂ ಇದೇ ಕಾರಣಕ್ಕೆ.

ಇನ್ನೂ ಕೆಟ್ಟದ್ದು ದಿಕ್ಕಿನ ವಿಷಯ. ನೇರ ನಡೆಯುತ್ತಿದ್ದೇನೆ ಎಂಬ ಭರವಸೆ ಮನುಷ್ಯನಿಗೆ ಹುಟ್ಟಿನಿಂದ ಬಂದದ್ದು, ನೇರ ನಡೆಯುವ ಶಕ್ತಿ ಹಾಗಲ್ಲ. ಜರ್ಮನಿಯ ಟ್ಯೂಬಿಂಗನ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಯಾನ್ ಸೌಮನ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಜನರನ್ನು ಕಾಡಿನಲ್ಲೂ ಸಹಾರಾ ಮರುಭೂಮಿಯಲ್ಲೂ ನೇರ ನಡೆಯಲು ಬಿಟ್ಟು ಜಿಪಿಎಸ್‌ನಿಂದ ಹಿಂಬಾಲಿಸಿದರು. ಸೂರ್ಯನೋ ಚಂದ್ರನೋ ಕಾಣುತ್ತಿದ್ದಾಗ ನಡೆ ಬಹುಮಟ್ಟಿಗೆ ನೇರವಾಗಿತ್ತು. ಮೋಡ ಕವಿದ ಕಾಡಿನಲ್ಲಿ ಅವರು ತಿಳಿಯದೆಯೇ ಸುತ್ತು ಹೊಡೆದು ತಮ್ಮದೇ ಹೆಜ್ಜೆಯನ್ನು ದಾಟಿದರು. ಕಣ್ಣು ಕಟ್ಟಿ ನಡೆಸಿದಾಗ ಕೆಲವರ ಸುತ್ತು ಇಪ್ಪತ್ತು ಮೀಟರ್ ಅಡ್ಡಳತೆಗೂ ಕುಗ್ಗಿತು. ಒಂದು ಕಾಲು ಇನ್ನೊಂದಕ್ಕಿಂತ ಉದ್ದವಿರುವುದರಿಂದ ಹೀಗಾಗುತ್ತದೆ ಎಂಬ ವಿವರಣೆ ನಿಲ್ಲಲಿಲ್ಲ, ಏಕೆಂದರೆ ಒಬ್ಬನೇ ಮನುಷ್ಯ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ವಾಲುತ್ತಿದ್ದ. ದಿಕ್ಕಿನ ಅಂದಾಜಿನಲ್ಲಿ ಹೆಜ್ಜೆಹೆಜ್ಜೆಗೂ ಸೇರುವ ಸಣ್ಣ ತಪ್ಪುಗಳು, ತಿದ್ದುವ ಗುರುತು ಇಲ್ಲದಾಗ, ಕೂಡುತ್ತಾ ಹೋಗುತ್ತವೆ. ಇಬ್ಬರು ಇದ್ದಾಗ ಒಬ್ಬನ ತಪ್ಪಿಗೆ ಇನ್ನೊಬ್ಬನ ಅನುಮಾನ ಅಡ್ಡ ಬರುತ್ತದೆ. ಒಂಟಿ ನಡೆಯುವವನಿಗೆ ಆ ಅನುಮಾನವನ್ನು ದಿಕ್ಸೂಚಿಯೇ ಒದಗಿಸಬೇಕು.

‘ದಾರಿ ತಪ್ಪಿದರೆ ಹಳ್ಳ ಹಿಡಿದು ಇಳಿ, ಊರು ಸಿಗುತ್ತದೆ’ ಎಂಬ ಹಿರಿಯರ ಮಾತನ್ನು ಇಲ್ಲಿ ನೋಡಬೇಕು. ಅದು ಅರ್ಧ ಸಕಲೇಶಪುರಕ್ಕೆ ಮಾತ್ರ ಸತ್ಯ. ಈ ಸೀಮೆಯ ಪಶ್ಚಿಮದ ಅಂಚಿನಲ್ಲಿ ನಾಡಿನ ಜಲವಿಭಜಕ ರೇಖೆ ಹಾದುಹೋಗುತ್ತದೆ. ಬಿಸಿಲೆಯ ಹತ್ತಿರ ಮಂಕನಹಳ್ಳಿಯಲ್ಲಿ ಈ ರೇಖೆಯನ್ನು ಗುರುತಿಸುವ ಕಲ್ಲೇ ಇದೆ: ಒಂದು ಬದಿಗೆ ಬಿದ್ದ ಮಳೆ ಕುಮಾರಧಾರೆಯ ಮೂಲಕ ಅರಬ್ಬಿ ಸಮುದ್ರಕ್ಕೆ, ಇನ್ನೊಂದು ಬದಿಯದು ಹೇಮಾವತಿ, ಕಾವೇರಿಗಳ ಮೂಲಕ ಬಂಗಾಳ ಕೊಲ್ಲಿಗೆ. ಎರಡು ಬದಿಯ ಇಳಿಜಾರು ಒಂದೇ ಬಗೆಯದಲ್ಲ. ಪೂರ್ವದ ಕಡೆ ನೆಲ ಅಲೆಅಲೆಯಾಗಿ, ಸಾವಧಾನವಾಗಿ ಆಲೂರಿನ ಬಯಲಿನತ್ತ ಇಳಿಯುತ್ತದೆ. ಹಳ್ಳ ಹಿಡಿದವರಿಗೆ ಮೊದಲು ಗದ್ದೆ, ಆಮೇಲೆ ಮನೆ ಸಿಕ್ಕೇ ಸಿಗುತ್ತದೆ. ಪಶ್ಚಿಮದ ಕಡೆ ಸುಮಾರು ಎಂಟುನೂರು ಮೀಟರ್ ಎತ್ತರ ಕೆಲವೇ ಕಿಲೋಮೀಟರುಗಳಲ್ಲಿ ಕುಸಿಯುತ್ತದೆ. ಅಲ್ಲಿನ ಹಳ್ಳಗಳು ಬಂಡೆಯಿಂದ ಬಂಡೆಗೆ ಧುಮುಕುತ್ತಾ, ಕೆಂಪುಹೊಳೆಯ ದಟ್ಟ ಕಾಡಿನಲ್ಲಿ ಮನುಷ್ಯವಾಸವಿಲ್ಲದ ಕಮರಿಗಳಿಗೆ ಒಯ್ಯುತ್ತವೆ. ಮಂಜಿನಲ್ಲಿ ನೆತ್ತಿಯ ಮೇಲೆ ನಿಂತವರಿಗೆ ಎರಡೂ ಕಡೆ ಒಂದೇ ಹುಲ್ಲು, ಒಂದೇ ಬಿಳುಪು. ಶಿಖರದಿಂದ ಇಡುವ ಮೊದಲ ನೂರು ಹೆಜ್ಜೆ ಯಾವ ಸಮುದ್ರದ ಕಡೆಗೆ ಎಂಬುದನ್ನು ದಿಕ್ಸೂಚಿ ನೋಡಿಯೇ ತೀರ್ಮಾನಿಸಬೇಕು. ದಾರಿ ತಪ್ಪಿದ್ದು ಖಚಿತವಾದರೆ ಬಂದ ಹೆಜ್ಜೆಯಲ್ಲೇ ಮೇಲಕ್ಕೆ ಹೋಗುವುದು ಒಳ್ಳೆಯದು, ಎಷ್ಟೇ ಬೇಸರವಾದರೂ.

ಕಣ್ಣು ಸೋತ ಕಡೆ ಕಿವಿ ನೆರವಿಗೆ ಬರುತ್ತದೆ. ಉಷ್ಣತಾ ವಿಲೋಮದ ಬೆಳಿಗ್ಗೆ ಕೆಳಗೆ ತಣ್ಣನೆಯ, ಮೇಲೆ ಬೆಚ್ಚನೆಯ ಗಾಳಿ ಇರುವುದರಿಂದ, ಆಕಾಶಕ್ಕೆ ಹೋಗಬೇಕಾದ ಸದ್ದು ಬಾಗಿ ಮತ್ತೆ ನೆಲದ ಕಡೆಗೇ ಬರುತ್ತದೆ. ನಾಯಿ ಬೊಗಳಿದ್ದು, ಹೆದ್ದಾರಿಯ ಲಾರಿಯ ಗೇರು, ಘಟ್ಟ ಇಳಿಯುವ ರೈಲಿನ ಸದ್ದು ಹಗಲಿಗಿಂತ ಹೆಚ್ಚು ದೂರ ಕೇಳುತ್ತವೆ. ಮಲೆನಾಡಿನವರು ತೋಟದಿಂದ ತೋಟಕ್ಕೆ ‘ಕೂ’ ಎಂದು ಕೂಗು ಹಾಕಿ ಮಾತಾಡಿಸುವ ರೂಢಿ ಮೊಬೈಲಿಗಿಂತ ಹಳೆಯದು. ಸಿಗ್ನಲ್ ಸಿಗದ ಕಣಿವೆಗಳಲ್ಲಿ ಈಗಲೂ ಅದು ಕೆಲಸಕ್ಕೆ ಬರುತ್ತದೆ. ಸೀಟಿ ಇದ್ದರೆ ನಿಮಿಷಕ್ಕೆ ಆರು ಬಾರಿ ಊದಿ, ಒಂದು ನಿಮಿಷ ಬಿಟ್ಟು ಮತ್ತೆ ಊದುವುದು ಬೆಟ್ಟಗಳಲ್ಲಿ ಆಪತ್ತಿನ ಸಂಕೇತ.

ಮಂಜಿನಲ್ಲಿ ಇಳಿಯುವವರು ನಿಜಕ್ಕೂ ಹೆದರಬೇಕಾದ್ದು ಆನೆಗೆ. ಆಲೂರು, ಸಕಲೇಶಪುರದಲ್ಲಿ ಕಾಫಿ ತೋಟ, ಗದ್ದೆ, ಚೂರುಪಾರು ಕಾಡುಗಳ ನಡುವೆ ಆನೆಗಳು ವರ್ಷವಿಡೀ ಓಡಾಡುತ್ತವೆ. ಹೈಕೋರ್ಟ್ ನೇಮಿಸಿದ ಆನೆ ಕಾರ್ಯಪಡೆಯ 2012ರ ವರದಿಯ ನಂತರ ಈ ಸೀಮೆಯಿಂದ 22 ಆನೆಗಳನ್ನು ಹಿಡಿದು ಸಾಗಿಸಿದರೂ ಸಮಸ್ಯೆ ಮುಗಿಯಲಿಲ್ಲ. ಎಂಟು ಬಾರಿ ಮೈಸೂರು ದಸರಾ ಅಂಬಾರಿ ಹೊತ್ತ ಸಾಕಾನೆ ಅರ್ಜುನ ಸತ್ತದ್ದು 2023ರ ಡಿಸೆಂಬರ್ 4ರಂದು, ಸಕಲೇಶಪುರ ತಾಲ್ಲೂಕಿನ ಯಸಳೂರು ವಲಯದಲ್ಲಿ, ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ. ಆನೆಯ ಪಾದದಡಿ ಕೊಬ್ಬಿನ ದಪ್ಪ ಮೆತ್ತೆಯಿದೆ. ನಾಲ್ಕು ಟನ್ ತೂಕದ ಪ್ರಾಣಿ ತರಗೆಲೆಯ ಮೇಲೆ ಸದ್ದಿಲ್ಲದೆ ನಡೆಯುತ್ತದೆ. ಅದರ ಬೂದುಬಣ್ಣ ಮಂಜಿನಲ್ಲಿ ಬಣ್ಣವೇ ಅಲ್ಲ.

ಇಲ್ಲೂ ಗಾಳಿಯ ಲೆಕ್ಕ ಉಪಯೋಗಕ್ಕೆ ಬರುತ್ತದೆ. ಸೂರ್ಯ ಹುಟ್ಟುವ ಮೊದಲು ತಣ್ಣನೆಯ ಗಾಳಿ ಇಳಿಜಾರಿನಲ್ಲಿ ಕೆಳಮುಖವಾಗಿ ಹರಿಯುತ್ತಿರುತ್ತದೆ; ಇಳಿಯುವವನ ವಾಸನೆ ಅವನಿಗಿಂತ ಮೊದಲೇ ಕೆಳಗಿನ ಆನೆಗೆ ತಲುಪುತ್ತದೆ. ಬಿಸಿಲೇರಿ ಇಳಿಜಾರು ಕಾದ ಮೇಲೆ ಗಾಳಿ ಮೇಲ್ಮುಖವಾಗುತ್ತದೆ. ಆಗ ಆನೆಗೆ ಮನುಷ್ಯನ ಸುಳಿವು ಸಿಗುವುದಿಲ್ಲ, ಎರಡು ಕಡೆಯವರೂ ತಿರುವಿನಲ್ಲಿ ಒಮ್ಮೆಗೇ ಬೆಚ್ಚಿಬೀಳುವ ಸಾಧ್ಯತೆ ಹೆಚ್ಚು. ಆದರೂ ಬಿಸಿಲೇರಿದ ಮೇಲೆ ಇಳಿಯುವುದೇ ಮೇಲು, ಏಕೆಂದರೆ ಆಗ ಕಣ್ಣು ಕಾಣುತ್ತದೆ, ಮತ್ತು ರಾತ್ರಿಯಿಡೀ ಗದ್ದೆಯಲ್ಲಿ ಮೇಯ್ದ ಆನೆಗಳು ಆ ಹೊತ್ತಿಗೆ ಮರೆಯಲ್ಲಿ ವಿರಮಿಸುತ್ತಿರುತ್ತವೆ. ತೋಟದ ಕೆಲಸದವರು ಮಬ್ಬಿನಲ್ಲಿ ಕಾಲುದಾರಿ ಹಿಡಿಯಲು ಹಿಂಜರಿಯುವುದನ್ನು ನೋಡಿ ಚಾರಣಿಗರು ಕಲಿಯುವುದು ಬಹಳವಿದೆ.

ಇನ್ನು ಕಾಲುಗಳ ಮಾತು. 70 ಕಿಲೋ ತೂಕದ ಮನುಷ್ಯ 12 ಕಿಲೋ ಚೀಲ ಹೊತ್ತು 400 ಮೀಟರ್ ಇಳಿದರೆ ಸುಮಾರು 3,20,000 ಜೂಲ್ ಶಕ್ತಿ ಎಲ್ಲಾದರೂ ಹೋಗಬೇಕು. ಹೆಜ್ಜೆಗೆ ಹದಿನೈದು ಸೆಂಟಿಮೀಟರ್ ಇಳಿದನೆಂದರೆ ಸುಮಾರು 2,700 ಹೆಜ್ಜೆ, ಒಂದೊಂದಕ್ಕೆ 120 ಜೂಲ್. ಆ ಶಕ್ತಿಯನ್ನೆಲ್ಲ ಹೀರಿ ಶಾಖವಾಗಿಸುವುದು ಮುಖ್ಯವಾಗಿ ತೊಡೆಯ ಮುಂಭಾಗದ ಸ್ನಾಯು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ ಇಳಿಯುವ ರೈಲಿನದೂ ಇದೇ ಸಮಸ್ಯೆ. 55 ಕಿಲೋಮೀಟರ್, 57 ಸುರಂಗ, 109 ಸೇತುವೆಗಳ ಆ ದಾರಿಯ ಕಡಿದಾದ ಇಳಿಜಾರು ಐವತ್ತಕ್ಕೆ ಒಂದು ಮಾತ್ರ, ಅಂದರೆ ಐವತ್ತು ಮೀಟರ್ ಸಾಗಿದರೆ ಒಂದು ಮೀಟರ್ ಇಳಿತ. ಆದರೂ ರೈಲು ಆಮೆಯಂತೆ, ಬ್ರೇಕ್ ಹಿಡಿದುಕೊಂಡೇ ಇಳಿಯುತ್ತದೆ. ಹತ್ತುವಾಗ ಎಂಜಿನ್ನಿನ ಪರೀಕ್ಷೆ, ಇಳಿಯುವಾಗ ಬ್ರೇಕಿನದು.

ಸ್ನಾಯು ಬ್ರೇಕಾಗುವ ಬಗೆ ವಿಚಿತ್ರ. ಹತ್ತುವಾಗ ಅದು ಬಿಗಿದು ಕುಗ್ಗುತ್ತದೆ. ಇಳಿಯುವಾಗ ಬಿಗಿದಿರುವಂತೆಯೇ ಎಳೆತಕ್ಕೆ ಸಿಕ್ಕಿ ಉದ್ದವಾಗುತ್ತದೆ. ಬಾವಿಗೆ ಭಾರದ ಕೊಡ ಇಳಿಬಿಡುವವರು ಹಗ್ಗವನ್ನು ಬಿಗಿ ಹಿಡಿದೇ ಸಡಿಲಿಸುವಂತೆ. ಹೀಗೆ ಹಿಗ್ಗುತ್ತಾ ಬಿಗಿಯುವ ಸ್ನಾಯುವಿಗೆ ಆಮ್ಲಜನಕ ಬಹಳ ಕಡಿಮೆ ಸಾಕು. 1952ರಲ್ಲಿ ಇಂಗ್ಲೆಂಡಿನ ಅಬಟ್, ಬಿಗ್ಲಂಡ್, ರಿಚಿ ಎಂಬ ಮೂವರು ಎರಡು ಸೈಕಲ್ಲುಗಳನ್ನು ಬೆನ್ನಿಗೆ ಬೆನ್ನು ಹಚ್ಚಿ ಒಂದೇ ಸರಪಳಿಯಿಂದ ಜೋಡಿಸಿದರು. ಒಬ್ಬರು ಮುಂದಕ್ಕೆ ತುಳಿಯುವುದು, ಇನ್ನೊಬ್ಬರು ಹಿಂದಕ್ಕೆ ತಿರುಗುವ ಪೆಡಲನ್ನು ತಡೆಹಿಡಿಯುವುದು. ಬಲ ಇಬ್ಬರದೂ ಒಂದೇ. ಆದರೆ ತಡೆಯುವವರು ಬಳಸಿದ ಆಮ್ಲಜನಕ ತುಳಿಯುವವರದ್ದರ ಒಂದು ಸಣ್ಣ ಪಾಲು. ತಡೆಯುವ ಬದಿಯಲ್ಲಿದ್ದ, ಗಾತ್ರದಲ್ಲಿ ಚಿಕ್ಕ ಹೆಂಗಸೊಬ್ಬಳು ತುಳಿಯುವ ದೊಡ್ಡ ಗಂಡಸನ್ನು ಸುಸ್ತುಮಾಡಿದ ಈ ಯಂತ್ರದ ಪ್ರದರ್ಶನ ನೋಡಿದವರಿಗೆ ನಗು ಬಂದದ್ದು ಸಹಜ. ಇಟಲಿಯ ಆಲ್ಬರ್ಟೊ ಮಿನೆಟ್ಟಿ ಮತ್ತು ಸಂಗಡಿಗರು 2002ರಲ್ಲಿ ಅಳೆದಂತೆ, ನಡಿಗೆಗೆ ಅತಿ ಕಡಿಮೆ ಶಕ್ತಿ ಬೇಕಾಗುವುದು ಸಮತಟ್ಟಿನಲ್ಲೂ ಅಲ್ಲ, ನೂರಕ್ಕೆ ಹತ್ತರಷ್ಟು ಇಳಿಜಾರಿನಲ್ಲಿ. ಅದಕ್ಕಿಂತ ಕಡಿದಾದರೆ ಬ್ರೇಕಿನ ಖರ್ಚು ಏರತೊಡಗುತ್ತದೆ.

ಆಮ್ಲಜನಕ ಉಳಿಯುತ್ತದೆ, ಸ್ನಾಯು ಹರಿಯುತ್ತದೆ. ಎಳೆತಕ್ಕೆ ಸಿಕ್ಕ ಸ್ನಾಯುತಂತುವಿನ ಅತಿ ಸಣ್ಣ ಘಟಕಗಳಲ್ಲಿ ದುರ್ಬಲವಾದವು ಮಿತಿಮೀರಿ ಹಿಗ್ಗಿ ಕೆಡುತ್ತವೆ. ಏದುಸಿರಿಲ್ಲದ್ದರಿಂದ ಇಳಿಯುವವರಿಗೆ ಇದು ಗೊತ್ತಾಗುವುದಿಲ್ಲ, ಗೊತ್ತಾಗುವುದು ಮಂಡಿ ನಡುಗಲು ಶುರುವಾದಾಗ. ಆ ನಡುಕ ಬರಿಯ ಆಯಾಸವಲ್ಲ. ಬ್ರೇಕು ಸವೆದಿರುವುದರ ಸೂಚನೆ. ಮಂಡಿಚಿಪ್ಪಿನ ಹಿಂಭಾಗದ ಮೇಲೆ ಇಳಿಯುವಾಗ ಬೀಳುವ ಒತ್ತಡ ದೇಹತೂಕದ ಮೂರು ಪಟ್ಟಿಗೂ ಮಿಕ್ಕುತ್ತದೆ. ಊರುಗೋಲಿನ ಪ್ರಯೋಜನ ಇಲ್ಲಿಯೇ. ಆಸ್ಟ್ರಿಯಾದ ಹರ್ಮನ್ ಶ್ವಾಮೆಡರ್ ಮತ್ತು ಸಂಗಡಿಗರು 1999ರಲ್ಲಿ 25 ಡಿಗ್ರಿ ಇಳಿಜಾರಿನಲ್ಲಿ ಅಳೆದಾಗ, ಎರಡು ಕೋಲು ಊರಿ ಇಳಿದವರ ಮಂಡಿಯ ಹೊರೆ ನೂರಕ್ಕೆ 12ರಿಂದ 25ರಷ್ಟು ಇಳಿದಿತ್ತು. ತೋಟದ ಬೇಲಿಯ ಗಳುವಾದರೂ ಅಡ್ಡಿಯಿಲ್ಲ.

ನೆಲ ಜಾರುವುದು ಬೇರೆ ಲೆಕ್ಕ. 20 ಡಿಗ್ರಿ ಇಳಿಜಾರಿನಲ್ಲಿ ನಿಲ್ಲಬೇಕಾದರೆ ಅಂಗಾಲಿಗೂ ನೆಲಕ್ಕೂ ನಡುವಿನ ಘರ್ಷಣಾಂಕ ಕನಿಷ್ಠ 0.36 ಇರಬೇಕು, 30 ಡಿಗ್ರಿಗೆ 0.58. ಒಣ ಬಂಡೆಯ ಮೇಲೆ ರಬ್ಬರಿನ ಅಟ್ಟೆಗೆ ಇದು ಸುಲಭವಾಗಿ ಸಿಗುತ್ತದೆ. ಪಾಚಿಗಟ್ಟಿದ ಒದ್ದೆ ಬಂಡೆಯ ಮೇಲೆ ಸಿಗುವುದಿಲ್ಲ. ಹಿಮದಲ್ಲಾದರೆ ಹಿಮ್ಮಡಿ ಒದ್ದು ಮೆಟ್ಟಿಲು ಮಾಡಿಕೊಳ್ಳಬಹುದು. ಬಂಡೆಯಲ್ಲಿ ಒದ್ದರೆ ಮೆಟ್ಟಿಲಾಗದು, ಬೆನ್ನು ನೆಲಕ್ಕೆ ತಾಗುತ್ತದೆ. ಇಲ್ಲಿ ಇಡೀ ಅಂಗಾಲು ಊರಿ, ಗಿಡ್ಡ ಹೆಜ್ಜೆ ಹಾಕಬೇಕು. ಹೆಜ್ಜೆ ಗಿಡ್ಡವಾದಷ್ಟೂ ಪಾದವನ್ನು ಮುಂದಕ್ಕೆ ತಳ್ಳುವ ಬಲ ಕಡಿಮೆ.

ಪಾಚಿಗಿಂತ ಮೋಸದ್ದು ಕರಡ. ಗುಡ್ಡದ ಉದ್ದ ಹುಲ್ಲು ಒಣಗಿ, ಇಳಿಜಾರಿನ ಕಡೆಗೇ ತಲೆ ಮಾಡಿ ಮಲಗಿ, ಹುಲ್ಲುಮನೆಯ ಮಾಡಿನಂತೆ ಒಂದರ ಮೇಲೊಂದು ಹಾಸಿರುತ್ತದೆ. ಅದರ ಮೇಲೆ ಬೆಳಗಿನ ಇಬ್ಬನಿ. ಮಲೆನಾಡಿನ ಮಕ್ಕಳು ಅಡಿಕೆ ಹಾಳೆಯ ಮೇಲೆ ಕೂತು ಇಂಥ ಇಳಿಜಾರಿನಲ್ಲಿ ಜಾರುವುದನ್ನು ನೋಡಿದವರಿಗೆ ಘರ್ಷಣೆಯ ಪಾಠ ಬೇರೆ ಬೇಡ. ಬೋಳಾದ ಕಡೆ ಮುರಕಲ್ಲಿನ ನೊರಜು ಗೋಲಿಗಳಂತೆ ಉರುಳುತ್ತದೆ. ನೇರ ಇಳಿಯುವುದಕ್ಕಿಂತ ದನಗಳು ಮಾಡಿಕೊಂಡ ಓರೆದಾರಿ ಹಿಡಿಯುವುದು ಲೇಸು: ದೂರ ಹೆಚ್ಚು, ಇಳಿಜಾರಿನ ಕೋನ ಕಡಿಮೆ. ದನಕ್ಕೆ ತ್ರಿಕೋನಮಿತಿ ಕಲಿಸಿದವರಿಲ್ಲ.

ಮಳೆಯಲ್ಲಿ ಇಳಿಯುವವರಿಗೆ ಚಳಿಯ ಅಪಾಯವೂ ಉಂಟು. ಸೊನ್ನೆ ಡಿಗ್ರಿ ಬೇಕಾಗಿಲ್ಲ. ಹದಿನೈದು ಡಿಗ್ರಿ ತಾಪ, ನೆನೆದ ಬಟ್ಟೆ, ಬೀಸುಗಾಳಿ ಮೂರೂ ಸೇರಿದರೆ ದೇಹದ ಒಳತಾಪ ಕುಸಿಯಲು ಅಷ್ಟೇ ಸಾಕು. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗದಲ್ಲಿ ಶಾಖ ಒಯ್ಯುತ್ತದೆ, ಜೊತೆಗೆ ಬಟ್ಟೆಯಲ್ಲಿ ಹಿಡಿದ ನೀರು ಆರುವಾಗ ಲೀಟರಿಗೆ ಸುಮಾರು 580 ಕಿಲೋಕ್ಯಾಲರಿ ಕಸಿಯುತ್ತದೆ. ಹತ್ತುವಾಗ ಸ್ನಾಯು ಹುಟ್ಟಿಸುವ ಬಿಸಿ ಇದನ್ನು ಮುಚ್ಚಿಹಾಕುತ್ತದೆ. ಇಳಿಯುವಾಗ ದೇಹ ಸುಡುವ ಇಂಧನವೇ ಕಡಿಮೆಯಾದ್ದರಿಂದ ಬಿಸಿಯೂ ಕಡಿಮೆ. ನಡುಕ, ತೊದಲು ಮಾತು, ಬೆರಳು ಗುಂಡಿಗೆ ಸಿಗದಿರುವುದು ಮೊದಲ ಲಕ್ಷಣಗಳು. ಆಮೇಲೆ ಬುದ್ಧಿಗೇ ಮಂಕು ಕವಿಯುತ್ತದೆ. ಒಂಟಿ ಇರುವವನ ತೊದಲನ್ನು ಗುರುತಿಸುವವರು ಯಾರೂ ಇಲ್ಲ, ಆದ್ದರಿಂದ ಮೊದಲ ನಡುಕಕ್ಕೇ ನಿಂತು ಒಣಬಟ್ಟೆ ಹಾಕಿ ಬೆಲ್ಲವನ್ನೋ ಚಿಕ್ಕಿಯನ್ನೋ ಬಾಯಿಗೆ ಹಾಕಿಕೊಳ್ಳಬೇಕು. ಮಲೆನಾಡಿನ ಕಂಬಳಿ ಕೊಪ್ಪೆಯ ಹಿಂದಿನ ಜಾಣ್ಮೆ ಇದೇ. ಉಣ್ಣೆ ತನ್ನ ತೂಕದ ಸುಮಾರು ಮೂರನೇ ಒಂದು ಪಾಲು ತೇವ ಹೀರಿದರೂ ಒದ್ದೆ ಎನಿಸುವುದಿಲ್ಲ, ಅದರ ಗುಂಗುರು ಎಳೆಗಳ ನಡುವೆ ಗಾಳಿ ಉಳಿದೇ ಇರುತ್ತದೆ. ಹತ್ತಿಯ ಅಂಗಿ ನೆನೆದರೆ ಮೈಗಂಟುತ್ತದೆ, ಗಾಳಿಗೆ ಜಾಗ ಬಿಡುವುದಿಲ್ಲ.

ಇಂಬಳ ಎಂಬ ಜಿಗಣೆಯ ಮಾತು ಬಿಟ್ಟರೆ ಸಕಲೇಶಪುರದವರು ಒಪ್ಪುವುದಿಲ್ಲ. ಮಳೆಗಾಲದಲ್ಲೂ ಅದರ ಬೆನ್ನಿಗೂ ನೆರಳಿನ ತರಗೆಲೆಯಲ್ಲಿ ಕಾಯುವ ಈ ಪ್ರಾಣಿ ಹೆಜ್ಜೆಯ ಅದುರು, ಉಸಿರಿನ ಇಂಗಾಲದ ಡೈಆಕ್ಸೈಡ್ ಮತ್ತು ಮೈಶಾಖದಿಂದ ಬೇಟೆಯನ್ನು ಪತ್ತೆಹಚ್ಚುತ್ತದೆ. ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಸ್ತು ಇರುವುದರಿಂದ ಅದು ಬಿಟ್ಟ ಮೇಲೂ ಗಾಯ ಬಹಳ ಹೊತ್ತು ಒಸರುತ್ತದೆ. ನೋಡಲು ಭೀಕರ, ಅಪಾಯ ಕಡಿಮೆ. ಹೊಗೆಸೊಪ್ಪಿನ ನೀರು, ಉಪ್ಪು, ಸುಣ್ಣ ಎಲ್ಲವೂ ಕೆಲಸ ಮಾಡುತ್ತವೆ. ಇಂಬಳಕ್ಕೆ ಹೆದರಿ ಪಾಚಿಬಂಡೆಯ ಮೇಲೆ ಓಡುವುದೊಂದೇ ಮಾಡಬಾರದ ಕೆಲಸ.

ರಸ್ತೆ ಸಿಕ್ಕ ಮೇಲೂ ಇಳಿಜಾರು ಮುಗಿಯುವುದಿಲ್ಲ. ಆ ಸಂಜೆ ಕಾಲು ಹಗುರವಾಗಿಯೇ ಇರುತ್ತದೆ. ಮರುದಿನ ಬೆಳಿಗ್ಗೆ ತೊಡೆ ಬಿಗಿಯುತ್ತದೆ, ಎರಡನೆಯ ದಿನ ಮೆಟ್ಟಿಲು ಇಳಿಯಲು ಗೋಡೆ ಹಿಡಿಯಬೇಕಾಗುತ್ತದೆ. ಅಮೆರಿಕದ ಥಿಯೊಡೋರ್ ಹಫ್ 1902ರಲ್ಲೇ ಇಂಥ ತಡವಾದ ನೋವು ಸ್ನಾಯುವಿನೊಳಗಿನ ಸೀಳುಗಳಿಂದ ಬರುತ್ತದೆ ಎಂದು ಊಹಿಸಿದ್ದ. ಆದರೂ ಅದಕ್ಕೆ ಲ್ಯಾಕ್ಟಿಕ್ ಆಮ್ಲ ಕಾರಣ ಎಂಬ ಮಾತು ವ್ಯಾಯಾಮ ಶಾಲೆಗಳಲ್ಲಿ ಇನ್ನೂ ಓಡಾಡುತ್ತಿದೆ. ಆ ಆಮ್ಲ ಒಂದೆರಡು ಗಂಟೆಯಲ್ಲೇ ರಕ್ತದಿಂದ ಹೊರಟುಹೋಗುತ್ತದೆ. ನೋವಾಗುವುದು ಕೆಟ್ಟ ತಂತುಗಳ ಸುತ್ತ ಊತ ಬಂದು ರಿಪೇರಿ ನಡೆಯುವಾಗ, ಅದಕ್ಕೆ ಒಂದೆರಡು ದಿನ ಹಿಡಿಯುತ್ತದೆ. ವಾರದೊಳಗೆ ನೋವು ಇಳಿಯುತ್ತದೆ. ರಿಪೇರಿಯಾದ ಸ್ನಾಯು ಮೊದಲಿಗಿಂತ ಗಟ್ಟಿಯಾಗಿರುವುದರಿಂದ ಕೆಲವು ವಾರಗಳೊಳಗೆ ಅದೇ ಗುಡ್ಡವನ್ನು ಮತ್ತೆ ಇಳಿದರೆ ಅಷ್ಟು ನೋಯುವುದಿಲ್ಲ. ಗುಡ್ಡದ ಬುಡದ ತೋಟಗಳಲ್ಲಿ ದಿನವೂ ಹತ್ತಿ ಇಳಿಯುವ ಕೆಲಸದವರು, ಮೂಟೆ ಹೊತ್ತು ಇಳಿದ ಮರುದಿನವೂ ಎಂದಿನಂತೆ ಕೆಲಸಕ್ಕೆ ಬರುತ್ತಾರೆ.